ಕಾಯುವವರಿಲ್ಲದ ಜಂಕ್ಷನ್

ಕೊಪ್ಪಳ ಸೀಮೆಯ ನಮಗೆ ಜಂಕ್ಷನ್ ಅಂದರೆ ಬಹಳ ಕಾಲ ಎರಡೇ: ಆ ಕಡೆ ಗದಗ, ಈ ಕಡೆ ಗುಂತಕಲ್. ಮೀಟರ್‌ಗೇಜಿನ ದಿನಗಳಲ್ಲಿ ಮಂತ್ರಾಲಯಕ್ಕೆ ಹೊರಟ ನಮ್ಮಜ್ಜ ಗುಂತಕಲ್ಲಿನಲ್ಲಿಳಿದು ಬ್ರಾಡ್‌ಗೇಜ್ ಗಾಡಿಗೆ ಕಾಯಬೇಕಿತ್ತು. ಅವನಿಗೆ ಅದೇ ಅರ್ಧ ಯಾತ್ರೆ. ಪ್ಲಾಟ್‌ಫಾರ್ಮಿನಲ್ಲಿ ಜಮಖಾನ ಹಾಸಿ, ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿ, ಪಕ್ಕದವರಿಗೂ ಕೊಟ್ಟು, ಅವರೂರಿನ ಮಳೆಬೆಳೆ ವಿಚಾರಿಸಿ, ಮಾತು ಇನ್ನೇನು ಹೆಣ್ಣು-ಗಂಡಿನ ಸುದ್ದಿಗೆ ಬರಬೇಕು, ಗಾಡಿ ಬಂದುಬಿಡುತ್ತಿತ್ತು. ಇಂಥವರ ಹಸಿವು, ಬೇಸರಗಳನ್ನು ನಂಬಿಯೇ ಚಹಾದಂಗಡಿ, ಖಾನಾವಳಿ, ಲಾಡ್ಜುಗಳೆದ್ದು ಜಂಕ್ಷನ್ನಿನ ಊರು ಊರಾಗುತ್ತಿತ್ತು.

ಈಗ ನಮಗೂ ಜಂಕ್ಷನ್ ಬಂದಿದೆ. ಒಂದಲ್ಲ, ಎರಡು. ಎರಡೂ ಜಿಲ್ಲಾ ಕೇಂದ್ರ ಕೊಪ್ಪಳವನ್ನು ಬಿಟ್ಟು ಅದರ ಅತ್ತಿತ್ತ ಕೂತಿವೆ: ಪೂರ್ವಕ್ಕೆ ಗಿಣಿಗೇರಾ, ಪಶ್ಚಿಮಕ್ಕೆ ತಳಕಲ್. ಗಿಣಿಗೇರಾದಿಂದ ಮಹಬೂಬನಗರದತ್ತ ಹೋಗುವ ಹಳಿ ಮಂಜೂರಾದದ್ದೂ ರಾಯಚೂರಿನಿಂದ ಕೊಪ್ಪಳ ಜಿಲ್ಲೆ ಬೇರೆಯಾದದ್ದೂ 1997ರ ಆಸುಪಾಸಿನಲ್ಲೇ. ಜಿಲ್ಲೆಗೆ ಮೀಸೆ ಬಲಿತರೂ ಹಳಿ ಅಂಬೆಗಾಲಿನಲ್ಲೇ ಇತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದು ನಾಡಿಗೆಲ್ಲ ಅಕ್ಕಿ ಕಳಿಸುವ ಗಂಗಾವತಿ ಈ ಹಳಿಯ ಮೇಲೆ ರೈಲು ಕಂಡದ್ದು 2019ರಲ್ಲಿ. ತಳಕಲ್ಲಿನಿಂದ ಹೊರಟ ಗದಗ–ವಾಡಿ ಮಾರ್ಗ ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿ ಮುಟ್ಟಿದ್ದು 2025ರ ಮೇ ತಿಂಗಳಲ್ಲಿ. ಜೋಳ, ಸಜ್ಜೆಯ ಆ ಒಣಸೀಮೆಯ ಹಿರಿಯರೊಬ್ಬರು ಅಂದರು: "ನಾ ಹೋಗೂದ್ರಾಗ ಬಂತು ನೋಡಪಾ. ಇನ್ನ ನಾ ಹೋಗಾಕ ಅವಸರಿಲ್ಲ."

ಆದರೆ ಇಲ್ಲಿ ಕಾಯುವವರೇ ಇಲ್ಲ. ಹುಬ್ಬಳ್ಳಿಯಲ್ಲಿ ಹತ್ತಿದರೆ ಗಾಡಿ ನೇರ ಗಂಗಾವತಿಯಾಚೆಯ ಸಿಂಧನೂರಿಗೋ ಕುಷ್ಟಗಿಗೋ ಒಯ್ದು ಇಳಿಸುತ್ತದೆ. ನಡುವೆ ಇಳಿದು ಹತ್ತುವ ಗೋಜಿಲ್ಲ, ಗಂಟು ಬಿಚ್ಚುವ ನೆಪವೂ ಇಲ್ಲ. ಗಿಣಿಗೇರಾ ಬೆಳೆದಿದೆ, ಇಲ್ಲವೆನ್ನಲಾರೆ. ಅಲ್ಲಿಯ ಚಹಾದಂಗಡಿಗಳನ್ನು ಸಾಕುವವರು ಸುತ್ತಲಿನ ಉಕ್ಕಿನ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಂದವರು. ರೈಲಿನವರಲ್ಲ. ಎರೆ ಹೊಲದಂಚಿಗೇ ಚಿಮಣಿ ಎದ್ದಿದೆ, ಬೆಳೆಯ ಮೇಲೆ ಮಸಿ ಕೂತಿದೆ ಎಂದು ರೈತರು ಬೈಯುತ್ತಾರೆ. ಗೂಡ್ಸ್ ಗಾಡಿ ಮಾತ್ರ ಯಾರ ಮಾತೂ ಕಿವಿಗೆ ಹಾಕಿಕೊಳ್ಳದೆ ಗಡಗಡ ಸಾಗುತ್ತದೆ.

ಅನುಕೂಲ ಮಾಡಿಕೊಟ್ಟಿರೆಂದು ರೈಲ್ವೆಯವರನ್ನು ದೂರುವುದಾದರೂ ಹೇಗೆ? ಗಂಗಾವತಿಗೆ ಹೊರಟವರಿಗೆ ನನ್ನದೊಂದೇ ಮಾತು: ಮಿರ್ಚಿ, ಗಿರಮಿಟ್ಟು ಹುಬ್ಬಳ್ಳಿಯಲ್ಲೇ ಕಟ್ಟಿಸಿಕೊಳ್ಳಿ. ಜಂಕ್ಷನ್ನಿನಲ್ಲಿ ಇಳಿದು ತಂದರಾಯಿತು ಎಂದು ನೆಚ್ಚಿಕೊಂಡರೆ ಗಂಗಾವತಿವರೆಗೂ ಉಪವಾಸ.