ಹತ್ತಕ್ಕೆ ಏಳು

ನಾನು ಓದುವ ಕಾಲಕ್ಕೆ ನೂರಕ್ಕೆ ಎಪ್ಪತ್ತು ಬಂದ ಹುಡುಗನ ಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು. ಮೂವತ್ತೈದಕ್ಕೆ ಪಾಸು, ಅರವತ್ತಕ್ಕೆ ಫಸ್ಟ್ ಕ್ಲಾಸು. ಎಪ್ಪತ್ತು ಬಂದವನ ಅಪ್ಪ ಅರಸೀಕೆರೆಯ ಪೇಟೆ ಬೀದಿಯಲ್ಲಿ ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದ, ಯಾರಾದರೂ ತಡೆದು ಕೇಳಲಿ ಅಂತ. ಅದೇ ಎಪ್ಪತ್ತು ಒಂದು ವಿಡಿಯೋ ಗೇಮಿಗೆ ಬಂದರೆ ಮನೆಮಂದಿಯ ಊಟ ಕೆಡುತ್ತದೆ ಎಂಬುದು ನನಗೆ ತಿಳಿದದ್ದು 2020ರ ಡಿಸೆಂಬರಿನಲ್ಲಿ, ಅಕ್ಕನ ಮಗನ ದೆಸೆಯಿಂದ.

ಕೊರೋನಾ ವರ್ಷ. ಕಾಲೇಜು ಮುಚ್ಚಿ ಊರಿಗೆ ಬಂದು ಕೂತಿದ್ದ ಹುಡುಗ ಮುದ್ದೆಯನ್ನು ತಟ್ಟೆಯಲ್ಲೇ ಆರಲು ಬಿಟ್ಟು ಫೋನು ತಿಕ್ಕುತ್ತಿದ್ದ.

“ಏನಾಯ್ತೋ?”

“ಗೇಮ್‌ಸ್ಪಾಟ್‌ನೋರು ಏಳು ಕೊಟ್ಟವ್ರೆ, ಮಾಮ.”

“ಎಷ್ಟಕ್ಕೆ?”

“ಹತ್ತಕ್ಕೆ.”

“ಫಸ್ಟ್ ಕ್ಲಾಸಲ್ವೇನೋ!”

ಅವನು ತಟ್ಟೆ ಬಿಟ್ಟು ಎದ್ದೇಹೋದ. ಅಕ್ಕ ನನ್ನನ್ನು ಬೈದಳು.

ಆಟದ ಹೆಸರು ಸೈಬರ್‌ಪಂಕ್ 2077. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಎಂಬ ಕಂಪನಿ ಅದನ್ನು ಘೋಷಿಸಿದ್ದು 2012ರಲ್ಲಿ; ಆಗ ನಮ್ಮ ಹುಡುಗ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ. 2019ರಲ್ಲಿ ಹಾಲಿವುಡ್ಡಿನ ಕಿಯಾನು ರೀವ್ಸ್ ವೇದಿಕೆ ಹತ್ತಿ ತಾನೂ ಈ ಆಟದೊಳಗಿದ್ದೇನೆ ಎಂದ ಮೇಲೆ ಲೋಕದ ಹುಡುಗರಿಗೆಲ್ಲ ನಿದ್ದೆ ಹೋಯಿತು. ಮೊದಲು 2020ರ ಏಪ್ರಿಲ್ 16ಕ್ಕೆ ಬಿಡುಗಡೆ ಅಂದರು, ಆಮೇಲೆ ಸೆಪ್ಟೆಂಬರ್ 17, ಆಮೇಲೆ ನವೆಂಬರ್ 19, ಕಡೆಗೆ ಡಿಸೆಂಬರ್ 10. ಇಷ್ಟು ಸಲ ಮುಹೂರ್ತ ಮುಂದಕ್ಕೆ ಹೋಗಿದ್ದರೆ ನಮ್ಮ ಕಡೆ ಹೆಣ್ಣಿನ ಕಡೆಯವರು ಬೇರೆ ಗಂಡು ನೋಡಿಬಿಡುತ್ತಿದ್ದರು. ಹುಡುಗರು ಮಾತ್ರ ಕಾದರು.

ಬಿಡುಗಡೆಗೆ ಮೂರು ದಿನ ಮೊದಲು ವಿಮರ್ಶೆಗಳು ಬಂದವು. ಬಹಳ ಜನ ಒಂಬತ್ತು ಕೊಟ್ಟರು, ಕೆಲವರು ಹತ್ತಕ್ಕೆ ಹತ್ತನ್ನೇ ಕೊಟ್ಟರು. ಗೇಮ್‌ಸ್ಪಾಟ್ ಎಂಬ ವಿಮರ್ಶೆಯ ಜಾಲತಾಣದ ಒಬ್ಬ ಹೆಣ್ಣುಮಗಳು ಮಾತ್ರ, ನಗರವೇನೋ ಕಣ್ಣು ತುಂಬುವಂತಿದೆ, ಆದರೆ ಕಥೆ ಸರಿಯಾಗಿ ಕೂಡಿಕೊಂಡಿಲ್ಲ, ದೋಷಗಳು ಬೇಕಾದಷ್ಟಿವೆ ಎಂಬರ್ಥದಲ್ಲಿ ಬರೆದು ಏಳು ಕೊಟ್ಟಳು. ಲೋಕದ ಹುಡುಗರು ಆಕೆಯ ಮೇಲೆ ಮುಗಿಬಿದ್ದರು. ಬೈದವರಲ್ಲಿ ಆಟ ಆಡಿದವರು ಯಾರೂ ಇಲ್ಲ, ಆಟ ಇನ್ನೂ ಬಂದೇ ಇರಲಿಲ್ಲವಲ್ಲ! ನಮ್ಮ ಹುಡುಗನದಂತೂ ಇನ್ನೊಂದು ಕೈ ಮೇಲು. ಅವನ ಕಂಪ್ಯೂಟರು ಎಂಥದ್ದೆಂದರೆ ಎಕ್ಸೆಲ್ ತೆರೆದರೇ ಫ್ಯಾನು ಬುಸುಗುಡುತ್ತಿತ್ತು. ಸೈಬರ್‌ಪಂಕ್ ಅದರಲ್ಲಿ ಓಡುವ ಮಾತೇ ಇಲ್ಲ, ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಭಾವನ ಜೇಬು ಒಪ್ಪುವುದೂ ಇಲ್ಲ. ತಾನು ಆಡಲಾರದ, ಯಾರೂ ಇನ್ನೂ ಆಡಿರದ ಆಟದ ಎರಡು ಅಂಕಕ್ಕಾಗಿ ಅವನು ಊಟ ಬಿಟ್ಟಿದ್ದ. ಇಂಥ ನಿಷ್ಕಾಮ ಭಕ್ತಿಯನ್ನು ನಾನು ಮಠಗಳಲ್ಲೂ ಕಂಡಿಲ್ಲ.

ಹತ್ತನೇ ತಾರೀಕು ಆಟ ಬಂತು. ವಿಮರ್ಶಕರಿಗೆ ಮೊದಲೇ ಕೊಟ್ಟಿದ್ದು ಕಂಪ್ಯೂಟರಿನ ಪ್ರತಿ ಮಾತ್ರ. ಹಳೆಯ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಲ್ಲಿ ಅದರ ಪಾಡು ಬೇರೆಯೇ ಆಗಿತ್ತು. ರಸ್ತೆಯಲ್ಲಿ ಹೋಗುತ್ತಿದ್ದವರು ಇದ್ದಕ್ಕಿದ್ದಂತೆ ಮಾಯ. ಇನ್ನು ಕೆಲವರು ಎರಡೂ ಕೈ ಚಾಚಿ, ದರ್ಜಿ ಅಂಗಡಿಯಲ್ಲಿ ಅಳತೆಗೆ ನಿಂತಂತೆ ನಿಂತುಬಿಟ್ಟರು. ವಾರ ಕಳೆಯುವಷ್ಟರಲ್ಲಿ ಸೋನಿ ಕಂಪನಿ ಆಟವನ್ನು ತನ್ನ ಅಂಗಡಿಯಿಂದಲೇ ತೆಗೆದು, ದುಡ್ಡು ವಾಪಸ್ ಕೊಡುತ್ತೇವೆ ಅಂದಿತು. ಮತ್ತೆ ಅಲ್ಲಿ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ. ನಮ್ಮ ಹುಡುಗ ಫೋನಿನಿಂದ ತಲೆ ಎತ್ತಿ ತೀರ್ಪು ಕೊಟ್ಟ: “ಏಳು ಜಾಸ್ತಿನೇ ಆಯ್ತು ಕಣ್ ಮಾಮ.” ಆ ಹೆಣ್ಣುಮಗಳಿಗೆ ಕ್ಷಮೆ ಕೇಳಬೇಕು ಅಂತ ಅವನಿಗಾಗಲಿ ಲೋಕಕ್ಕಾಗಲಿ ಅನ್ನಿಸಿದಂತೆ ಕಾಣಲಿಲ್ಲ.

ನಮಗೆ ಈ ತಾಪತ್ರಯವೇ ಇರಲಿಲ್ಲ. ಅಂಕ ಕೊಡುವವರು ಎಲ್ಲೋ ಇದ್ದಿರಬೇಕು, ಆದರೆ ಅವರ ಮಾತು ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸೈಬರ್ ಇತ್ತು. ಅಲ್ಲಿ ಯಾವ ಆಟ ಇತ್ತೋ ಅದೇ ಲೋಕದ ಅತ್ಯುತ್ತಮ ಆಟ. ಬಹಳ ದಿನ ಅದು ಪ್ರಾಜೆಕ್ಟ್ ಐಜಿಐ. 2000ದ ಕೊನೆಯಲ್ಲಿ ಬಂದ ಆಟ, ಮಾಡಿದವರು ನಾರ್ವೆಯವರು. ಅದರ ಮೊದಲ ಹಂತವೇ ಒಂದು ರೈಲ್ವೆ ಯಾರ್ಡು. ಗೂಡ್ಸ್ ಗಾಡಿಗಳ ನಡುವೆ ಬಗ್ಗಿ ನುಸುಳುವುದನ್ನು ನಾರ್ವೆಯವರು ಜಂಕ್ಷನ್ನಿನ ಹುಡುಗರಿಗೆ ಹೇಳಿಕೊಡಬೇಕೆ? ಆ ಹಂತವನ್ನು ನಮ್ಮ ಹುಡುಗರು ಕಣ್ಣು ಮುಚ್ಚಿಕೊಂಡು ದಾಟುತ್ತಿದ್ದರು.

ಆ ಆಟಕ್ಕೆ ಬಂದ ವಿಮರ್ಶೆಯೂ ಮಿಶ್ರವೇ ಆಗಿತ್ತಂತೆ. ನಾನು ಓದಿದ್ದು ತೀರಾ ಈಚೆಗೆ. ಅವರ ದೊಡ್ಡ ದೂರೆಂದರೆ ಹಂತದ ಮಧ್ಯೆ ಆಟವನ್ನು ಸೇವ್ ಮಾಡುವ ಹಾಗಿಲ್ಲ, ಸತ್ತರೆ ಮೊದಲಿನಿಂದ ಶುರು. ಪಾಪ, ಅವರಿಗೆ ಆಗಿನ ನಮ್ಮೂರ ಲೋಡ್ ಶೆಡ್ಡಿಂಗ್ ಗೊತ್ತಿರಲಿಲ್ಲ. ಅರ್ಧ ಗಂಟೆ ಬೆವರು ಸುರಿಸಿ ಕೊನೆಯ ಬಾಗಿಲು ಮುಟ್ಟುವಾಗ ‘ಟಪ್’ ಅಂತ ಕರೆಂಟು ಹೋಗುತ್ತಿತ್ತು. ಇಡೀ ಸೈಬರ್ ಒಂದೇ ಕೊರಳಲ್ಲಿ “ಅಯ್ಯೋ!” ಅನ್ನುತ್ತಿತ್ತು. ಆ ವಿಮರ್ಶಕರೇನಾದರೂ ಅಲ್ಲಿ ಕೂತು ಆಡಿದ್ದರೆ ಐಜಿಐಗೆ ಸೊನ್ನೆ ಬೀಳುತ್ತಿತ್ತು. ನಾವು ಕರೆಂಟು ಬರುವವರೆಗೂ ಕತ್ತಲಲ್ಲೇ ಕೂತು, ಕೊನೆಯ ಬಾಗಿಲಿನ ಆಚೆ ಏನಿರಬಹುದೆಂದು ಚರ್ಚೆ ಮಾಡುತ್ತಿದ್ದೆವು. ಆಚೆ ಇದ್ದದ್ದಕ್ಕಿಂತ ಆ ಚರ್ಚೆಯೇ ಚೆನ್ನಾಗಿರುತ್ತಿತ್ತು.

ಆಮೇಲೆ ಕೆಲಸ ಹುಡುಕುವ ಕಾಲಕ್ಕೆ ಇಎ ಸ್ಪೋರ್ಟ್ಸ್‌ನವರ ಕ್ರಿಕೆಟ್ 07 ಬಂತು. ಅದಕ್ಕೂ ವಿಮರ್ಶಕರು ಮೂಗು ಮುರಿದಿದ್ದರು. ಇಂಗ್ಲೆಂಡ್, ಆಸ್ಟ್ರೇಲಿಯಾ ಬಿಟ್ಟರೆ ಉಳಿದ ತಂಡಗಳ ಆಟಗಾರರ ಹೆಸರಿಗೆ ಪರವಾನಗಿಯೇ ಇಲ್ಲ. ರಿಚಿ ಬೆನೊ, ಮಾರ್ಕ್ ನಿಕೋಲಸ್ ಹೇಳಿದ್ದನ್ನೇ ಹೇಳುತ್ತಿದ್ದರು. ನಮ್ಮ ತಂಡದಲ್ಲಿ ಆಡುತ್ತಿದ್ದವರು ಯಾರೋ ಸೊಟ್ಟ ಹೆಸರಿನವರು. ಆದರೆ 2007ರ ಮಾರ್ಚ್‌ನಲ್ಲಿ ನಿಜವಾದ ದ್ರಾವಿಡ್‌ನ ನಿಜವಾದ ತಂಡ ವೆಸ್ಟ್ ಇಂಡೀಸಿನಿಂದ ಮೊದಲ ಸುತ್ತಿಗೇ ಗಂಟುಮೂಟೆ ಕಟ್ಟಿದಾಗ, ವಿಶ್ವಕಪ್ಪನ್ನು ಅರಸೀಕೆರೆಗೆ ತಂದವರು ಆ ಸೊಟ್ಟ ಹೆಸರಿನವರೇ. ಜಾವಗಲ್ಲಿನ ಗೆಳೆಯನೊಬ್ಬ ಎಲ್ಲಿಂದಲೋ ಪ್ಯಾಚ್ ತಂದು ಹೆಸರುಗಳನ್ನೆಲ್ಲ ನೆಟ್ಟಗೆ ಮಾಡಿದ. ಅಷ್ಟಕ್ಕೇ ಬಿಡದೆ, 2003ರಲ್ಲೇ ನಿವೃತ್ತನಾಗಿದ್ದ ಶ್ರೀನಾಥ್‌ನನ್ನೂ ತಂಡಕ್ಕೆ ಸೇರಿಸಿಬಿಟ್ಟ. “ನಮ್ಮೂರೋನಿಲ್ದೆ ಎಂಥ ಟೀಮ್ಲಾ?” ಎಂದು ಅವನ ವಾದ. ಹೊಸ ಬಾಲು ಯಾವತ್ತೂ ಜಾವಗಲ್ ಕಡೆಯಿಂದಲೇ. ಆಟಕ್ಕೆ ಎಷ್ಟು ಅಂಕ ಎಂದು ಆ ದಿನಗಳಲ್ಲಿ ಯಾರಾದರೂ ಕೇಳಿದ್ದರೆ ನಾವು ಸ್ಕೋರ್‌ಬೋರ್ಡು ತೋರಿಸುತ್ತಿದ್ದೆವು.

ಸೈಬರ್‌ಪಂಕ್ ಗಾಯ ಇನ್ನೂ ಹಸಿಯಾಗಿರುವಾಗಲೇ ಹುಡುಗನಿಗೆ ಎರಡನೇ ಪೆಟ್ಟು ಬಿತ್ತು. ಈ ಸಲ ಬೆಂಗಳೂರಿನಿಂದಲೇ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತ್ತು. ಎರಡೇ ದಿನಕ್ಕೆ ನಟ ಅಕ್ಷಯ್ ಕುಮಾರ್, ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಮಾಡುತ್ತಿರುವ ‘ಫೌಜಿ’ ಎಂಬ ಆಟ ಬರಲಿದೆ ಎಂದು ಸಾರಿದ. 2021ರ ಜನವರಿ 26ಕ್ಕೆ ಅದು ಬಂತು. ಇದು ಫೋನಿನ ಆಟ, ಗ್ರಾಫಿಕ್ಸ್ ಕಾರ್ಡಿನ ಗೋಜಿಲ್ಲ. ಧ್ವಜಾರೋಹಣದ ದಿನ ನಮ್ಮ ಬೀದಿಯ ಹುಡುಗರೆಲ್ಲ ಜಗುಲಿಗಳ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಗಾಲ್ವಾನ್ ಕಣಿವೆ, ಹಿಮ, ಶತ್ರುವಿನ ಜೊತೆ ಕೈಕೈ ಮಿಲಾಯಿಸಿ ಕಾದಾಟ. ಬಂದೂಕಿಲ್ಲ. ಪಬ್‌ಜಿಯಂತೆ ನೂರು ಜನ ಒಂದೇ ಮೈದಾನಕ್ಕೆ ಧುಮುಕುವ ಬ್ಯಾಟಲ್ ರಾಯಲ್ ಇಲ್ಲವೇ ಇಲ್ಲ. ನಾಲ್ಕೂವರೆ ದಾಟಿದ್ದ ನಕ್ಷತ್ರಗಳು ಕೆಲವೇ ದಿನಗಳಲ್ಲಿ ಮೂರರ ಆಸುಪಾಸಿಗೆ ಇಳಿದವು.

ಕೆಟ್ಟ ಆಟವೇ ಎಂದು ಹುಡುಗನನ್ನು ಕೇಳಿದೆ. “ಕೆಟ್ಟದ್ದೇನಲ್ಲ ಮಾಮ. ಪಬ್‌ಜಿ ಅಲ್ಲ ಅಷ್ಟೇ.”

ಈ ಉತ್ತರ ನನಗೆ ಬಹಳ ಹಿಡಿಸಿತು. ತೆಂಗಿನ ಸೀಮೆಯವನಾದ ನನಗೆ ಇದು ಎಳನೀರಿನ ಗಾಡಿಯ ಪಾಠ. ಗಾಡಿಯವನು ಮಚ್ಚು ಎತ್ತುವ ಮೊದಲೇ ಕೇಳುತ್ತಾನೆ: “ನೀರಿಂದಾ, ಗಂಜಿದಾ?” ನೀರು ಬೇಕೆಂದವನಿಗೆ ಗಂಜಿ ಸಿಕ್ಕರೂ, ಗಂಜಿ ಬೇಕೆಂದವನಿಗೆ ಬರೀ ನೀರು ಸಿಕ್ಕರೂ ಮುಖ ಸಿಂಡರಿಸುತ್ತದೆ, ಕಾಯಿಯಲ್ಲಿ ಏನೂ ಐಬಿರುವುದಿಲ್ಲ. ಫೌಜಿ ಬಂದಾಗ ಇಡೀ ದೇಶದ ಹುಡುಗರು ಗಂಜಿಗೆ ಚಮಚ ಹಿಡಿದು ಕೂತಿದ್ದರು. ಮಿಶ್ರ ವಿಮರ್ಶೆ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದರ ಅರ್ಧ ಪಾಲು ಆಟದ ಕಥೆ, ಇನ್ನರ್ಧ ಕಾದವರ ಕಥೆ. ಅಂಕ ನೋಡಿ ಉರಿದುಬಿದ್ದ ಹುಡುಗನ ಸಿಟ್ಟೂ ಆಟದ ಪರವಾಗಿ ಬಂದದ್ದಲ್ಲ. ಎಂಟು ವರ್ಷ ತಾನು ಕಾದದ್ದಕ್ಕೇ ಯಾರೋ ಹತ್ತಕ್ಕೆ ಏಳು ಕೊಟ್ಟರಲ್ಲ ಎಂಬ ಸಂಕಟ ಅದು.

2023ರ ಸೆಪ್ಟೆಂಬರಿನಲ್ಲಿ ಒಂದು ಚೋದ್ಯ ನಡೆಯಿತು. 18ನೇ ತಾರೀಕು ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. 2014ರಿಂದ ಅವು ತಾತ್ಕಾಲಿಕ ಪಟ್ಟಿಯಲ್ಲಿ ಸರದಿ ಕಾಯುತ್ತಿದ್ದವು. ಮೂರು ದಿನ ಬಿಟ್ಟು, 21ಕ್ಕೆ, ಸೈಬರ್‌ಪಂಕ್‌ನ 2.0 ಪರಿಷ್ಕರಣೆ ಬಂತು. ಬೈದವರೆಲ್ಲ ಈಗ ಭೇಷ್ ಅಂದರು. ಅಷ್ಟರಲ್ಲಿ ನಮ್ಮ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸವಾಗಿ, ಬುಸುಗುಡದ ಲ್ಯಾಪ್‌ಟಾಪೂ ಬಂದಿತ್ತು.

ಆ ದಸರೆಗೆ ಬಂದವನನ್ನು ಕರೆದುಕೊಂಡು ಜಾವಗಲ್ ಮೇಲೆ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋದೆ. ಬಸ್ಸಿನಲ್ಲಿ ಕೇಳಿದೆ: “ಈಗಲಾದ್ರೂ ಆಡಿದ್ಯೇನೋ?”

“ಆಫರ್‌ನಲ್ಲಿ ತಗೊಂಡು ಇಟ್ಟಿದೀನಿ ಮಾಮ. ಈಗ ಎಲ್ರೂ ಒಂಬತ್ತು ಕೊಡ್ತಾವ್ರೆ. ಆಡೋಕೆ ಟೈಮಿಲ್ಲ.”

ಹೇಳಿದ ರೀತಿಯಲ್ಲಿ ದುಃಖವೇನೂ ಇರಲಿಲ್ಲ. ದುಃಖವಾದದ್ದು ನನಗೆ.

ಹಳೇಬೀಡಿನ ಹೊಯ್ಸಳೇಶ್ವರನ ಮುಂದೆ ನಿಂತು ಅವನು ಮೇಲೆ ನೋಡಿದ. ಗೋಡೆಯ ಮೇಲೆ ಆನೆ, ಸಿಂಹ, ಕುದುರೆ, ಪುರಾಣದ ಸಾಲು ಸಾಲು. ತಲೆಯ ಮೇಲೆ ಶಿಖರವಿಲ್ಲ. “ಮುಗಿಸ್ದೇ ರಿಲೀಸ್ ಮಾಡವ್ರೆ,” ಎಂದ. ಹೌದಪ್ಪ, ಒಂಬೈನೂರು ವರ್ಷದಿಂದ ಅರ್ಲಿ ಆಕ್ಸೆಸ್. ಹಾಗಿದ್ದೂ ಜೇಮ್ಸ್ ಫರ್ಗುಸನ್ ಎಂಬ ಪಂಡಿತ 1876ರ ತನ್ನ ಪುಸ್ತಕದಲ್ಲಿ ಇದನ್ನು ಅಥೆನ್ಸಿನ ಪಾರ್ಥೆನಾನ್ ಪಕ್ಕಕ್ಕಿಟ್ಟು ತೂಗಿದ; ಎರಡೂ ಕಲೆಯ ಎರಡು ತುದಿಗಳು ಎಂಬುದು ಅವನ ಎಣಿಕೆ. ಪ್ಯಾಚಿಗೆ ಕಾಯದೆ ಒಳ್ಳೆಯ ಮಾತಾಡಿದ ವಿಮರ್ಶಕ.

ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯ ಬಳಿ ಗೈಡು ಜಕಣಾಚಾರಿಯ ಕಥೆ ಶುರುಮಾಡಿದ. ಇತಿಹಾಸದವರನ್ನು ಕೇಳಿದರೆ ಅವನ ಹೆಸರಿನ ಶಾಸನ ಇಲ್ಲಿಲ್ಲ ಅನ್ನುತ್ತಾರೆ. ಬೇಲೂರಿನ ಕಲ್ಲಿನಲ್ಲಿ ಹೆಸರು ಬಿಟ್ಟುಹೋದ ಅಪ್ಪಮಗ ಬಳ್ಳಿಗಾವೆಯ ದಾಸೋಜ, ಚಾವಣ. ಆದರೆ 1964ರಲ್ಲಿ ಬಿ.ಎಸ್. ರಂಗಾ ಬಣ್ಣದ ಸಿನಿಮಾ ಮಾಡಿದ್ದು ಜಕಣನ ಮೇಲೆ, ಗೈಡಿಗೆ ಟಿಪ್ಸು ಹುಟ್ಟುವುದೂ ಜಕಣನಿಂದ. ಪರವೂರಿನ ಒಬ್ಬ ಹುಡುಗ ಬಂದು ಮೂರ್ತಿಯಲ್ಲಿ ದೋಷವಿದೆ ಅಂದನಂತೆ. ತೋರಿಸಿಕೊಟ್ಟರೆ ಬಲಗೈ ಕತ್ತರಿಸಿಕೊಳ್ಳುತ್ತೇನೆಂದು ಜಕಣ ಪಂಥ ಕಟ್ಟಿದ. ಮೂರ್ತಿಗೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಹತ್ತಿರ ಒಣಗಲಿಲ್ಲ. ಉಳಿ ತಾಗಿಸಿದರೆ ಒಳಗಿಂದ ನೀರು, ಮರಳು, ಜೀವಂತ ಕಪ್ಪೆ. ಜಕಣ ಕೈ ಕತ್ತರಿಸಿಕೊಂಡ. ಆ ಹುಡುಗ ತನ್ನ ಮಗ ಡಂಕಣನೇ ಎಂದು ಆಮೇಲೆ ತಿಳಿಯಿತು.

“ಆಡ್ದೇ ಮಾತಾಡ್ಲಿಲ್ಲ ಅವನು,” ಎಂದ ನಮ್ಮ ಹುಡುಗ. “ಗಂಧ ಒಣಗೋವರ್ಗೂ ಕಾದ.”

“ಜಕಣನೂ ಈಗಿನವ್ರಿಗಿಂತ ವಾಸಿ,” ಎಂದೆ. “ಅಂಕ ಕೊಟ್ಟವನ ಕೈಗೆ ಬರ್ಲಿಲ್ಲ, ತನ್ನದನ್ನೇ ಕತ್ತರಿಸ್ಕೊಂಡ.”

ಗುಡಿಯೇನೂ ಮುಚ್ಚಲಿಲ್ಲ. ಕಥೆಯ ಪ್ರಕಾರ ಐಬಿನ ಮೂರ್ತಿ ಅದೇ, ನಿಂತಿರುವುದೂ ಅಲ್ಲೇ. ನಮ್ಮ ಮುಂದೆಯೇ ಒಂದು ಕುಟುಂಬ ಕೈಮುಗಿದು ಕಣ್ಣಿಗೊತ್ತಿಕೊಂಡು ಮುಂದೆ ಹೋಯಿತು. ಕಪ್ಪೆ ಇದ್ದದ್ದೂ ಸುಳ್ಳಲ್ಲ, ಕೈಮುಗಿದದ್ದೂ ಸುಳ್ಳಲ್ಲ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಕಲೆ ಬೇಲೂರಿನವರಿಗೆ ಬಂದಷ್ಟು ಚೆನ್ನಾಗಿ ಗೇಮಿನ ಲೋಕಕ್ಕೆ ಇನ್ನೂ ಬಂದಿಲ್ಲ.

ಹಸಿವಾಗಿತ್ತು. ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಹುಡುಗ ಫೋನು ತೆಗೆದ. “ಬ್ಯಾಡ ಮಾಮ, ಮೂರು ಪಾಯಿಂಟ್ ಒಂಬತ್ತು ಐತೆ.” ನಾನು ರಟ್ಟೆ ಹಿಡಿದು ಒಳಗೆ ಎಳೆದೆ. ಮೂರು ದೋಸೆ ತಿಂದ. ಕೈ ತೊಳೆದು ಬಂದು ಗಲ್ಲಾದ ಎದುರೇ ನಿಂತು ಫೋನಿನಲ್ಲಿ ಏನೋ ಒತ್ತಿ ಹೊರಗೆ ಹೋದ. ನಾನು ದುಡ್ಡು ಕೊಡುವಾಗ ಮಾಲೀಕರು ದನಿ ತಗ್ಗಿಸಿ ಕೇಳಿದರು: “ಹುಡುಗ ಎಷ್ಟು ಒತ್ತಿದ್ರು ಸಾರ್?”

“ನಾಲ್ಕು. ಚಟ್ನಿ ನೀರಾಯ್ತಂತೆ.”

“ಸಾಕು ಬಿಡಿ ಸಾರ್,” ಎಂದು ಚಿಲ್ಲರೆ ಎಣಿಸಿದರು. “ಬರೀ ಐದೈದೇ ಬಿದ್ರೆ ನಾವೇ ಒತ್ಕೊಂಡಿದೀವಿ ಅಂತಾರೆ.”