ಗುಜರಿಗೆ ಹೋಗಬೇಕಿದ್ದ ಆಟದ ಪೆಟ್ಟಿಗೆ

ಮಕ್ಕಳ ಬಾಯಲ್ಲಿ 'ಕಂಪ್ಯೂಟರ್ ಗೇಮ್' ಎಂಬ ಮಾತು ಬಂದ ಕೂಡಲೇ ಹೆತ್ತವರ ಹುಬ್ಬು ಗಂಟಿಕ್ಕುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಪರೀಕ್ಷೆ ಹತ್ತಿರವಾದಾಗ ಮಗ ಪರದೆಗೆ ಅಂಟಿ ಕುಳಿತರೆ ಯಾವ ತಾಯಿಗೆ ತಾನೇ ಸಂತೋಷ? ಆದರೆ ಆಟ ಆಡುವುದು ಬೇರೆ, ಆಟದ ಯಂತ್ರವನ್ನೇ ಕಟ್ಟುವುದು ಬೇರೆ. ಮೊದಲನೆಯದಕ್ಕೆ ಬೆರಳು ಸಾಕು. ಎರಡನೆಯದಕ್ಕೆ ಅಳತೆಪಟ್ಟಿ, ಪೆನ್ಸಿಲ್, ಸ್ಕ್ರೂಡ್ರೈವರ್ ಮತ್ತು ಬಹಳಷ್ಟು ತಾಳ್ಮೆ ಬೇಕು.

ಬೇತಮಂಗಲದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಟ್ಟದ ಮೇಲೆ ಹದಿನೈದು ವರ್ಷದ ಹಿಂದಿನ ಕಂಪ್ಯೂಟರ್, ಹದಿನೇಳು ಇಂಚಿನ ಎಲ್‌ಸಿಡಿ ಮಾನಿಟರ್, ಎರಡು ಸ್ಪೀಕರ್, ಅಕ್ಷರ ಅಳಿಸಿಹೋದ ಕೀಬೋರ್ಡ್. ಗುಜರಿಯವನು ಎಲ್ಲಕ್ಕೂ ಸೇರಿಸಿ ಕೆಲವು ನೂರು ರೂಪಾಯಿ ಹೇಳಿದ್ದಾನೆ. ಒಂಬತ್ತನೆಯ ತರಗತಿಯ ಮಗನ ಲೆಕ್ಕವೇ ಬೇರೆ. ಹಿಂದೆ ಪೇಟೆಯ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ಇರುತ್ತಿದ್ದಂಥ ಪೆಟ್ಟಿಗೆಯನ್ನು ಇವುಗಳಿಂದಲೇ ಮಾಡಬೇಕೆಂಬುದು ಅವನ ಆಸೆ.

"ಮೊದಲು ಮಾರ್ಕ್ಸ್ ತಗೊಂಡು ಬಾ, ಆಮೇಲೆ ಪೆಟ್ಟಿಗೆ ಮಾಡೋವಂತೆ" ಎನ್ನುತ್ತಾರೆ ಅಪ್ಪ.

"ಹೊಸದೇನೂ ಕೊಡಿಸಬೇಡ ಅಪ್ಪಾ. ಅಟ್ಟದ ಮೇಲಿರೋದನ್ನ ಗುಜರಿಗೆ ಹಾಕಬೇಡ, ಅಷ್ಟೇ."

ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಇದನ್ನು ಇತ್ಯರ್ಥ ಮಾಡುವುದು ಹೇಗೆ?

ಯಂತ್ರ ಕಂಡ ಸೀಮೆ

ಈ ಭಾಗದ ಜನರಿಗೆ ಯಂತ್ರ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಬೇತಮಂಗಲದ ಪಾಲಾರ್ ಕೆರೆಯ ನೀರು ಕೋಲಾರ ಚಿನ್ನದ ಗಣಿಗೆ ಹರಿಯತೊಡಗಿತು. 1902ರಲ್ಲಿ ಸುಮಾರು 150 ಕಿಲೋಮೀಟರ್ ದೂರದ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂತು. ಗಣಿ 2001ರಲ್ಲಿ ಮುಚ್ಚಿತು. ಆದರೂ ಗಣಿಯಲ್ಲೋ ಬಿ.ಇ.ಎಂ.ಎಲ್. ಕಾರ್ಖಾನೆಯಲ್ಲೋ ದುಡಿದ ಅಜ್ಜ, ಚಿಕ್ಕಪ್ಪ, ಮಾವ ಇಲ್ಲಿನ ಎಷ್ಟೋ ಮನೆಗಳಲ್ಲಿ ಸಿಗುತ್ತಾರೆ. ಮೊಮ್ಮಗ ನಕ್ಷೆ ಹಿಡಿದು ಹೋದರೆ ಅಂಥ ಅಜ್ಜ ಬೇಡವೆನ್ನಲಾರರು, "ಅಳತೆ ಎಲ್ಲಿ ಬರೆದಿದ್ದೀಯೋ?" ಎಂದು ಕನ್ನಡಕ ಹುಡುಕಿಯಾರು.

ಎಂಟು ಕಿಲೋಬೈಟಿನ ಚಮತ್ಕಾರ

ಇಷ್ಟು ಹಳೆಯ ಕಂಪ್ಯೂಟರ್ ಈ ಕೆಲಸಕ್ಕೆ ಸಾಕೇ? ಧಾರಾಳವಾಗಿ ಸಾಕು. ಅಮೆರಿಕದ ಅಟಾರಿ ಕಂಪನಿಯ 'ಪಾಂಗ್' ಬಂದದ್ದು 1972ರಲ್ಲಿ. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್ವೇಡರ್ಸ್' ರೂಪಿಸಿದರು. 1980ರಲ್ಲಿ ತೊರು ಇವಾತಾನಿಯವರ 'ಪ್ಯಾಕ್‌ಮ್ಯಾನ್' ಬಂತು. ಸ್ಪೇಸ್ ಇನ್ವೇಡರ್ಸ್‌ನ ಇಡೀ ಪ್ರೋಗ್ರಾಂ ಎಂಟು ಕಿಲೋಬೈಟಿನೊಳಗೆ ಅಡಗಿತ್ತು. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೇ ಫೋಟೋ ಅದರ ನೂರಾರು ಪಟ್ಟು ದೊಡ್ಡದು!

ಆ ಆಟದಲ್ಲಿ ಒಂದು ಸ್ವಾರಸ್ಯವುಂಟು. ಶತ್ರುಗಳು ಒಬ್ಬೊಬ್ಬರಾಗಿ ಸತ್ತಂತೆ ಉಳಿದವರು ವೇಗವಾಗಿ ನುಗ್ಗುತ್ತಾರೆ. ಪರದೆಯ ಮೇಲೆ ಚಿತ್ರ ಕಡಿಮೆಯಾದಷ್ಟೂ ಅಂದಿನ ಪ್ರೊಸೆಸರ್‌ಗೆ ಹೊರೆ ಇಳಿದು, ಆಟ ತಾನಾಗಿಯೇ ಚುರುಕಾಗುತ್ತಿತ್ತು. ಯಂತ್ರದ ಈ ಮಿತಿಯನ್ನು ನಿಶಿಕಾಡೊ ತಿದ್ದಲು ಹೋಗಲಿಲ್ಲ, ಹಾಗೆಯೇ ಉಳಿಸಿಕೊಂಡರು. ಆಟದ ರೋಮಾಂಚನವೇ ಅದಾಯಿತು. ಕೈಯಲ್ಲಿ ಇರುವುದರಲ್ಲೇ ಕೆಲಸ ಸಾಧಿಸಬೇಕೆನ್ನುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ 'ಮೇಮ್' ಎಂಬ ತಂತ್ರಾಂಶವನ್ನು ಹೊರತಂದರು. ಹಳೆಯ ಆಟದ ಯಂತ್ರಗಳ ಒಳಗಿನ ವರ್ತನೆಯನ್ನು ಇದು ಸಾಮಾನ್ಯ ಕಂಪ್ಯೂಟರಿನಲ್ಲಿ ಅನುಕರಿಸುತ್ತದೆ. ತಂತ್ರಾಂಶ ಉಚಿತ. ಆದರೆ ಇಲ್ಲೊಂದು ತೊಡಕುಂಟು. ಆಟಗಳ ಹಕ್ಕು ಅವುಗಳ ಒಡೆಯರದ್ದು. ಎಲ್ಲೆಂದರಲ್ಲಿ ಸಿಕ್ಕಿದ್ದನ್ನು ನಕಲು ಮಾಡಿಕೊಳ್ಳುವುದು ಸರಿಯಲ್ಲ. 'ಗ್ರಿಡ್ಲೀ', 'ರಾಬಿ ರೋಟೋ' ಮುಂತಾದ ಕೆಲವನ್ನು ವ್ಯಾಪಾರಕ್ಕಲ್ಲದೆ ಮನೆಯಲ್ಲಿ ಆಡಿಕೊಳ್ಳಲು ಒಡೆಯರೇ ಬಿಟ್ಟುಕೊಟ್ಟಿದ್ದಾರೆ. ಅಲ್ಲಿಂದ ಆರಂಭಿಸಬಹುದು. 'ಸ್ಕ್ರ್ಯಾಚ್' ಅಥವಾ 'ಪೈಥಾನ್' ಕಲಿತು ಪಾಂಗ್‌ನಂಥ ಆಟವನ್ನು ತಾನೇ ಬರೆದರಂತೂ ಇನ್ನೂ ಮೇಲು.

ಕಾಗದದ ಮೇಲೆ ಕಟ್ಟಿದ ಪೆಟ್ಟಿಗೆ

ಗರಗಸ ಹಿಡಿಯುವ ಮೊದಲು ಕಾಗದ ಹಿಡಿಯಬೇಕು. ಮೇಜಿನ ಮೇಲಿಡುವ ಪೆಟ್ಟಿಗೆಯಾದರೆ ಎರಡು ಅಡಿ ಎತ್ತರ, ಒಂದೂವರೆ ಅಡಿ ಆಳ, ಹದಿನಾರು ಇಂಚು ಅಗಲ ಸಾಕು. ಹನ್ನೆರಡು ಮಿಲಿಮೀಟರ್ ದಪ್ಪದ, ನಾಲ್ಕಡಿ ಉದ್ದಗಲದ ಅರ್ಧ ಶೀಟ್ ಪ್ಲೈವುಡ್‌ನಲ್ಲಿ ಇದು ಮುಗಿಯುತ್ತದೆ. ಮೊದಲ ಬಾರಿಗೆ ಮಾಡುವವರು ಎಡವುವುದು ಇಲ್ಲೇ. ಹೊರಗಿನ ಅಗಲ ಹದಿನಾರು ಇಂಚಾದರೆ ಒಳಗಿನದೂ ಅಷ್ಟೇ ಎಂದು ಎಣಿಸುತ್ತಾರೆ. ಎರಡು ಬದಿಯ ಹಲಗೆಗಳೇ 24 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಇಂಚು ನುಂಗುತ್ತವೆ. ಉಳಿದ ಹದಿನೈದು ಇಂಚಿನಲ್ಲಿ ಮಾನಿಟರ್ ಕೂರುತ್ತದೆಯೇ? ಪ್ಯಾಕ್‌ಮ್ಯಾನ್‌ನಂಥ ಆಟಗಳಿಗೆ ಪರದೆ ಅಗಲಕ್ಕಿಂತ ಎತ್ತರವಾಗಿರಬೇಕಾದ್ದರಿಂದ ಮಾನಿಟರನ್ನು ನಿಲ್ಲಿಸಿ ಕೂರಿಸಬಹುದು. ಆಗ ಅದು ಸಲೀಸಾಗಿ ಹಿಡಿಯುತ್ತದೆ. ಮೊದಲು ಹಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಮಾದರಿ ಮಾಡಿದರೆ, ಅಳತೆ ತಪ್ಪಿದರೂ ರಟ್ಟು ಮಾತ್ರ ಹಾಳಾಗುತ್ತದೆ, ಹಲಗೆಯಲ್ಲ.

ಇನ್ನು ಗುಂಡಿಗಳು. ಆಟದ ಗುಂಡಿ ಎಂದರೆ ಎರಡು ತಂತಿಯ ಸ್ವಿಚ್ಚು, ಅಷ್ಟೆ. ಹಳೆಯ ಕೀಬೋರ್ಡನ್ನು ಬಿಚ್ಚಿ, ಒಳಗಿನ ಪುಟ್ಟ ಬೋರ್ಡಿನ ಯಾವ ಎರಡು ತುದಿ ಕೂಡಿದರೆ ಯಾವ ಅಕ್ಷರ ಮೂಡುತ್ತದೆಂದು ಪಟ್ಟಿ ಮಾಡಿಕೊಂಡರೆ ಗುಂಡಿಗಳನ್ನು ಅದಕ್ಕೇ ಜೋಡಿಸಬಹುದು. ಆದರೆ ಕೀಬೋರ್ಡಿನ ತಂತಿಗಳು ಅಡ್ಡಸಾಲು–ಕಂಬಸಾಲಾಗಿ ಹೆಣೆದುಕೊಂಡಿರುವುದರಿಂದ ಮೂರ್ನಾಲ್ಕು ಗುಂಡಿ ಒಟ್ಟಿಗೆ ಒತ್ತಿದಾಗ ಕೆಲವೊಮ್ಮೆ ಒಂದು ಕೆಲಸ ಮಾಡದು. ಇದಕ್ಕೆಂದೇ ಸಿಗುವ ಯುಎಸ್‌ಬಿ ಬೋರ್ಡ್ ಹಾಕಿದರೆ ಈ ಕಾಟವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಇಂಥ ಬಿಡಿಭಾಗಗಳು ದೊರೆಯುತ್ತವೆ. ಗುಂಡಿಯ ತೂತು ಸಾಮಾನ್ಯವಾಗಿ 28 ಅಥವಾ 30 ಮಿಲಿಮೀಟರ್. ಗುಂಡಿ ಕೈಗೆ ಬಂದ ಮೇಲೆ ಅಳೆದು ಕೊರೆಯುವುದೇ ಜಾಣತನ. ಪೆಟ್ಟಿಗೆಯ ಕೆಳಗೆ ಗಾಳಿ ಒಳಬರಲು, ಹಿಂದೆ ಮೇಲ್ಭಾಗದಲ್ಲಿ ಬಿಸಿಗಾಳಿ ಹೊರಹೋಗಲು ಕಿಂಡಿ ಬಿಡುವುದನ್ನು ಮರೆಯಬಾರದು.

ಮುಟ್ಟಬಾರದ ಎರಡು ವಸ್ತು

ಇಲ್ಲಿ ಹೆತ್ತವರು ಕಡ್ಡಾಯವಾಗಿ ಜೊತೆಗಿರಬೇಕು. ಒಂದು, ಗಾಜಿನ ಕೊಳವೆಯ ಹಳೆಯ ದಪ್ಪ ಮಾನಿಟರ್. ಅದರೊಳಗೆ ಇಪ್ಪತ್ತು ಸಾವಿರ ವೋಲ್ಟ್‌ಗಿಂತಲೂ ಹೆಚ್ಚಿನ ವಿದ್ಯುತ್ ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಮಕ್ಕಳು ಅದನ್ನು ಬಿಚ್ಚಲೇಬಾರದು. ಎಲ್‌ಸಿಡಿಯನ್ನೇ ಬಳಸುವುದು ಕ್ಷೇಮ. ಇನ್ನೊಂದು, ಕಂಪ್ಯೂಟರಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಡಬ್ಬಿ. ಅದನ್ನು ಇಡಿಯಾಗಿ ಬಳಸಬೇಕು, ತೆರೆಯಬಾರದು. ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗಿಗೇ ಸಿಕ್ಕಿಸಬೇಕು. 230 ವೋಲ್ಟಿನ ವೈರಿಂಗ್ ಕೆಲಸವೆಲ್ಲ ಊರಿನ ಎಲೆಕ್ಟ್ರಿಷಿಯನ್‌ಗೆ ಬಿಟ್ಟದ್ದು.

ಉಪಯೋಗಕ್ಕೆ ಬಾರದೆ ಮಿಕ್ಕ ಭಾಗಗಳನ್ನೇನು ಮಾಡುವುದು? ತಾಮ್ರದ ಆಸೆಗೆ ತಂತಿ ಸುಟ್ಟರೆ ವಿಷದ ಹೊಗೆ. ಬೋರ್ಡುಗಳ ಬೆಸುಗೆಯಲ್ಲಿ ಸೀಸ ಇರುತ್ತದೆ. ಇ–ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ನೋಂದಾಯಿತ ಸಂಸ್ಕರಣಾ ಘಟಕಗಳಿಗೆ ಕಳಿಸುವವರ ಕೈಗೇ ಇವನ್ನು ಒಪ್ಪಿಸಬೇಕು.

ಅಪ್ಪ–ಮಗನ ಕರಾರು

ಈಗ ಮೊದಲಿನ ತಕರಾರಿಗೆ ಬರೋಣ. ಅಪ್ಪನಿಗಿರುವ ಭಯ ಪೆಟ್ಟಿಗೆಯದಲ್ಲ, ಮಗ ಓದು ಬಿಟ್ಟಾನೆಂಬುದು. ಅರ್ಧಕ್ಕೇ ಕೈಬಿಟ್ಟು ಹಲಗೆಗೆ ಹಾಕಿದ ದುಡ್ಡು ದಂಡವಾದೀತೆಂಬುದು. ಮಗನಿಗಿರುವ ಭಯ, ಶಾಲೆಯಿಂದ ಬರುವಷ್ಟರಲ್ಲಿ ಅಟ್ಟ ಖಾಲಿಯಾಗಿದ್ದೀತೆಂಬುದು. ಎರಡಕ್ಕೂ ಮದ್ದು ಒಂದೇ ಹಾಳೆಯಲ್ಲಿದೆ. ಮಗ ನಕ್ಷೆ, ಬೇಕಾದ ವಸ್ತುಗಳ ಪಟ್ಟಿ, ಖರ್ಚಿನ ಅಂದಾಜು, ವಾರಕ್ಕೆ ಎಷ್ಟು ಗಂಟೆ ಎಂಬುದನ್ನು ಬರೆದು ಕೊಡಲಿ. ಅಪ್ಪ ಓದಿ, ತಿದ್ದಿ, ಇಂಥ ತಿಂಗಳವರೆಗೆ ಗುಜರಿಗೆ ಹಾಕುವುದಿಲ್ಲವೆಂದು ಅದೇ ಹಾಳೆಯ ಕೆಳಗೆ ಸಹಿ ಹಾಕಲಿ. ಹೇಳಿದ್ದನ್ನು ಹೇಳಿದ ದಿನಕ್ಕೆ ಮುಗಿಸುವುದು ಒಂಬತ್ತನೆಯ ತರಗತಿಯಲ್ಲೇ ರೂಢಿಯಾದರೆ ಮುಂದೆ ಎಸ್‌ಎಸ್‌ಎಲ್‌ಸಿಗೂ ಅದು ಒದಗೀತು.

ಹಾಳೆಗೆ ಸಹಿ ಬಿದ್ದ ಮೇಲೆ ಮೊದಲ ಭಾನುವಾರದ ಕೆಲಸ ಇಷ್ಟೇ. ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ, ಬ್ರಷ್‌ನಿಂದ ಧೂಳು ತೆಗೆದು, ಚಾಲೂ ಆಗುತ್ತದೆಯೇ ನೋಡುವುದು. ಪರದೆ ಕಪ್ಪಾಗಿಯೇ ಉಳಿದರೆ ಗಾಬರಿ ಬೇಡ. ಪ್ಲಗ್ ಕಿತ್ತು, ರ‍್ಯಾಮ್ ಪಟ್ಟಿ ಹೊರತೆಗೆದು, ಅದರ ಹೊಂಬಣ್ಣದ ತುದಿಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ ನೋಡಬೇಕು. ಎಷ್ಟೋ ಸಲ ಹಳೆಯ ಯಂತ್ರಕ್ಕೆ ಇಷ್ಟೇ ಸಾಕಾಗುತ್ತದೆ.