ಗಾಳ, ಕಾಲುಚೀಲ ಮತ್ತು ಮಾವಿನ ಗೊರಟು

ಕಾಪುವಿನ ಕಡಲ ತೀರಕ್ಕೆ ಸಂಜೆ ಹೊತ್ತು ಬರುವವರಲ್ಲಿ ಮೂರು ಬಗೆ. ಸೂರ್ಯಾಸ್ತ ನೋಡಲು ಬಂದವರು ಒಂದು, ಬಂಡೆಯ ಅಂಚಿನಲ್ಲಿ ಕುಳಿತು ಗಾಳ ಹಾಕುವವರು ಇನ್ನೊಂದು. ಈ ಇಬ್ಬರ ಕೈಯನ್ನೂ ಬಿಡದೆ ನೋಡುತ್ತ ಕುಳಿತ ನಾಯಿಗಳು ಮೂರನೆಯವು. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಕತ್ತಲಲ್ಲಿ ಹಡಗುಗಳಿಗೆ ದಾರಿ ತೋರುತ್ತದೆ. ಅದರ ಬುಡದಲ್ಲಿ ಬಿದ್ದಿರುವ ಅಪಾಯವನ್ನು ನಾಯಿಗಳಿಗೆ ತೋರುವವರು ಯಾರೂ ಇಲ್ಲ.

ಅಪಾಯವೆಂದರೆ ಒಂದೆರಡು ಮೊಳ ನೈಲಾನ್ ದಾರ, ಅದರ ತುದಿಗೆ ಉಕ್ಕಿನ ಗಾಳ, ಗಾಳದಲ್ಲಿ ಕೊಳೆಯತೊಡಗಿದ ಸಿಗಡಿಯ ಚೂರು. ಮನುಷ್ಯ ಮೂಗು ಮುಚ್ಚಿಕೊಳ್ಳುವ ಆ ವಾಸನೆ ನಾಯಿಗೆ ಔತಣದ ಕರೆಯೋಲೆ. ನಾಯಿ ಅದನ್ನು ಜಗಿಯುವುದಿಲ್ಲ, ನುಂಗುತ್ತದೆ. ಅದರ ಹಲ್ಲುಗಳಿರುವುದು ಮುಖ್ಯವಾಗಿ ಹಿಡಿಯಲು, ಹರಿಯಲು, ಕತ್ತರಿಸಲು. ನಮ್ಮ ಹಾಗೆ ಅರೆದು ನುಣ್ಣಗೆ ಮಾಡುವ ವ್ಯವಧಾನ ಅದಕ್ಕಿಲ್ಲ. ಅನ್ನನಾಳ ಚೆನ್ನಾಗಿ ಹಿಗ್ಗುವುದರಿಂದ ಬಾಯಿಗೆ ಹಿಡಿಸಿದ್ದು ಬಹುಮಟ್ಟಿಗೆ ಗಂಟಲಲ್ಲೂ ಇಳಿಯುತ್ತದೆ. ಇಳಿದ ಮೇಲೆ ಯೋಚನೆ ಬೇರೆಯವರದು.

ಯಜಮಾನ ಓಡಿ ಬಂದಾಗ ನಾಯಿಯ ಬಾಯಿಯ ಬದಿಯಲ್ಲಿ ದಾರದ ತುದಿಯೊಂದು ಕಾಣುತ್ತದೆ. ಎಳೆಯಬೇಕೆನಿಸುವುದು ಸಹಜ. ಆದರೆ ಎಳೆಯಲೇಬಾರದು. ಗಾಳಕ್ಕೆ ಹಿಮ್ಮುಖವಾದ ಒಂದು ಸಣ್ಣ ಮುಳ್ಳಿದೆ. ಸಿಕ್ಕಿದ ಮೀನು ಜಾರದಿರಲೆಂದೇ ಇಟ್ಟ ಮುಳ್ಳು ಅದು. ಎಳೆದಷ್ಟೂ ಅನ್ನನಾಳದ ಗೋಡೆಗೆ ಆಳವಾಗಿ ನೆಡುತ್ತದೆ. ಗಾಳವಿಲ್ಲದ ಬರಿಯ ದಾರವೂ ಕಡಿಮೆಯದಲ್ಲ. ಕರುಳು ಅಲೆಯಲೆಯಾಗಿ ಕುಗ್ಗಿ ಹಿಗ್ಗಿ ಆಹಾರವನ್ನು ಮುಂದೆ ತಳ್ಳುತ್ತದೆ ಎಂಬುದನ್ನು ಪ್ರೌಢಶಾಲೆಯ ಮಕ್ಕಳು ಪೆರಿಸ್ಟಾಲ್ಸಿಸ್ ಎಂಬ ಹೆಸರಿನಲ್ಲಿ ಓದಿರುತ್ತಾರೆ. ದಾರದ ಒಂದು ತುದಿ ನಾಲಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡು ಉಳಿದ ಭಾಗ ಸಣ್ಣ ಕರುಳಿಗೆ ಇಳಿದರೆ, ಕರುಳು ಅದನ್ನು ತಳ್ಳಲು ಹೋಗಿ ತಾನೇ ದಾರದ ಮೇಲೆ ಏರುತ್ತದೆ. ಲಂಗದ ಲಾಡಿ ಬಿಗಿದಾಗ ಬಟ್ಟೆ ನೆರಿಗೆಗಟ್ಟುವುದಿಲ್ಲವೇ, ಹಾಗೆ. ಬಿಗಿಯಾದ ದಾರ ನೆರಿಗೆಗಳ ಒಳಮೈಯನ್ನು ಗರಗಸದಂತೆ ಕೊಯ್ಯುತ್ತದೆ. ಹಲವು ಕಡೆ ಒಟ್ಟಿಗೆ ತೂತು ಬೀಳಬಹುದು. ಬಾಯಿಯಲ್ಲಿ ಕಾಣುವ ತುದಿಯನ್ನು ಹಾಗೆಯೇ ಬಿಟ್ಟು ನಾಯಿಯನ್ನು ವೈದ್ಯರಲ್ಲಿಗೆ ಒಯ್ಯಿರಿ ಎನ್ನುವುದು ಈ ಕಾರಣಕ್ಕೆ.

ತೀರದಲ್ಲಿ ಇನ್ನೂ ಒಂದು ಸಂಗತಿ ಯಾರ ಗಮನಕ್ಕೂ ಬರುವುದಿಲ್ಲ. ಚೆಂಡೆಸೆದು ನಾಯಿಯನ್ನು ಆಡಿಸುವವರು ಪ್ರತಿ ಸಲವೂ ಅದರ ಬಾಯಿಗೆ ಒಂದಿಷ್ಟು ಒದ್ದೆ ಮರಳನ್ನೂ ಕಳಿಸುತ್ತಿರುತ್ತಾರೆ. ಗಂಟೆಗಟ್ಟಲೆ ಆಡಿದ ನಾಯಿಯ ಕರುಳಲ್ಲಿ ಮರಳು ಗಾರೆಯಂತೆ ಗಟ್ಟಿಯಾಗಿ ಕೂರುವುದುಂಟು. ಇನ್ನು ಬಲೆಯಿಂದ ಬಿಸಾಡಿದ ಉಬ್ಬುಮೀನು. ಅದರ ಟೆಟ್ರೊಡೊಟಾಕ್ಸಿನ್ ಎಂಬ ವಿಷಕ್ಕೆ ಮದ್ದೇ ಇಲ್ಲ. ಮೀನುಗಾರರು ಅದನ್ನು ಮುಟ್ಟುವುದಿಲ್ಲ, ಹೊರ ಊರಿನಿಂದ ಬಂದ ನಾಯಿಗೆ ಈ ಜ್ಞಾನವಿರುವುದಿಲ್ಲ.

ಕಾಪುವಿನಿಂದ ಹೆದ್ದಾರಿಯಲ್ಲಿ ಹನ್ನೆರಡು ಹದಿಮೂರು ಕಿ.ಮೀ. ಉತ್ತರಕ್ಕೆ ಬಂದರೆ ಉಡುಪಿ. ಇಲ್ಲಿ ನಾಯಿಗಿಂತ ಮೊದಲು ದನದ ಮಾತು ಬರಬೇಕು. ಕೃಷ್ಣನ ಊರಲ್ಲವೇ! ಊಟದ ಎಂಜಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಬೀದಿಗೆಸೆಯುವ ಚಾಳಿ ಎಲ್ಲ ಪೇಟೆಗಳಿಗೂ ಒಂದೇ. ದನ ಗಂಟು ಬಿಚ್ಚಿ ತಿನ್ನಲಾರದು, ಚೀಲ ಸಮೇತ ತಿನ್ನುತ್ತದೆ. ಕರ್ನಾಟಕ ಸರಕಾರ 2016ರಲ್ಲೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು, 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳು ದೇಶಕ್ಕೇ ನಿಷಿದ್ಧವಾದವು. ನಿಷೇಧ ಕಾಗದದಲ್ಲಿದೆ, ಚೀಲ ದನದ ಹೊಟ್ಟೆಯಲ್ಲಿದೆ.

ನುಂಗಿದ್ದು ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ದನಕ್ಕೂ ನಾಯಿಗೂ ದೊಡ್ಡ ವ್ಯತ್ಯಾಸವಿದೆ. ದನದ ಹೊಟ್ಟೆಗೆ ನಾಲ್ಕು ಕೋಣೆ. ಭಾರವಾದ ಲೋಹ ಎರಡನೆಯ ಕೋಣೆಯಲ್ಲಿ, ಜೇನುಗೂಡಿನಂಥ ಒಳಮೈಯಲ್ಲಿ, ತಳ ಹಿಡಿಯುತ್ತದೆ. ಮೊಳೆ, ತಂತಿ ಅಲ್ಲಿ ಗೋಡೆ ಚುಚ್ಚಿ ಮುಂದಿರುವ ಹೃದಯದವರೆಗೂ ಹೋಗಬಲ್ಲವು. ಅದಕ್ಕೆಂದೇ ಕೆಲವು ದೇಶಗಳಲ್ಲಿ ಹಸುವಿಗೆ ಬೆರಳುದ್ದದ ಅಯಸ್ಕಾಂತವನ್ನು ನುಂಗಿಸಿಬಿಡುವ ಪದ್ಧತಿ ಇದೆ. ನಮ್ಮದೇ ಉತ್ತರ ಕನ್ನಡದ ಶಿರಸಿ ತಾಲೂಕಿನ ಹೀಪನಹಳ್ಳಿಯಲ್ಲಿ 2021ರ ದೀಪಾವಳಿಯ ಗೋಪೂಜೆಗೆ ಕೊರಳಿಗೆ ಹಾಕಿದ್ದ ಸುಮಾರು 20 ಗ್ರಾಂ ತೂಕದ ಚಿನ್ನದ ಸರ ಹಸುವಿನ ಹೊಟ್ಟೆ ಸೇರಿತು. ಮನೆಯವರು ತಿಂಗಳಿಗೂ ಮೀರಿ ಸೆಗಣಿಯನ್ನು ಶೋಧಿಸಿದರು. ಕೊನೆಗೆ ಲೋಹಶೋಧಕದಿಂದ ಪತ್ತೆ ಮಾಡಿ, ಶಸ್ತ್ರಚಿಕಿತ್ಸೆ ಮಾಡಿ ತೆಗೆದಾಗ ಸರ ಸಿಕ್ಕಿತು, ಒಂದು ತುಂಡು ಸಿಗಲಿಲ್ಲ. ಹಸು ತಿಂಗಳು ಕಾಲ ಚಿನ್ನವನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೇಯುತ್ತಿತ್ತೆಂಬುದೇ ಇಲ್ಲಿ ಗಮನಿಸಬೇಕಾದ ವಿಷಯ. ನಾಯಿಗೆ ಅಂಥ ಉಗ್ರಾಣವಿಲ್ಲ. ಅದರದು ಒಂದೇ ಜಠರ, ಅದರಾಚೆ ಕಿರಿದಾದ ಬಾಗಿಲು, ಬಾಗಿಲಾಚೆ ಇನ್ನೂ ಕಿರಿದಾದ ಕರುಳು. ಸಣ್ಣದಾದರೆ ಸಾಗುತ್ತದೆ, ದೊಡ್ಡದಾದರೆ ಜಠರದಲ್ಲೇ ಉರುಳಾಡುತ್ತದೆ. ನಡುಗಾತ್ರದ್ದು ಬಾಗಿಲು ದಾಟಿ ಕರುಳಲ್ಲಿ ಸಿಕ್ಕಿಬೀಳುತ್ತದೆ. ಅದೇ ಎಲ್ಲಕ್ಕಿಂತ ಕೆಟ್ಟದ್ದು.

ಉಡುಪಿಯಿಂದ ಏರುದಾರಿ ಹಿಡಿದರೆ ಐದಾರು ಕಿ.ಮೀ.ಗೆ ಮಣಿಪಾಲ. ಬೋಳುಗುಡ್ಡವಾಗಿದ್ದ ಜಾಗ 1953ರಲ್ಲಿ ವೈದ್ಯಕೀಯ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದು ವಿದ್ಯಾರ್ಥಿಗಳ ಪಟ್ಟಣವಾಯಿತು. ವಿದ್ಯಾರ್ಥಿಗಳಿರುವಲ್ಲಿ ಕಾಲುಚೀಲಗಳಿರುತ್ತವೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವು ಹೊರಗೆ ಒಣಗುವುದಿಲ್ಲ. ಕುರ್ಚಿಯ ಬೆನ್ನು, ಕಿಟಕಿಯ ಸರಳು, ಶೂಗಳ ಬಾಯಿ, ಎಲ್ಲೆಂದರಲ್ಲಿ ನೇತಾಡುತ್ತವೆ. ಪಕ್ಕದ ಬಡಾವಣೆಗಳ ಶಾಲಾಮಕ್ಕಳ ಮನೆಗಳ ಕತೆಯೂ ಅದೇ. ಒಂದು ದಿನ ಪೂರ್ತಿ ಶೂ ಒಳಗೆ ಬೆವೆತ ಕಾಲುಚೀಲದಲ್ಲಿ ನಾಯಿಗೆ ತನ್ನ ಪ್ರೀತಿಯ ಹುಡುಗನ ವಾಸನೆ ಸಿಗುತ್ತದೆ. ಮೊದಲು ಕಚ್ಚಿಕೊಂಡು ಓಡುತ್ತದೆ, ಕಸಿಯಲು ಬಂದರೆ ಗುಳುಂ ಎನಿಸುತ್ತದೆ. ಕಸಿಯುವುದೇ ಎಷ್ಟೋ ಸಲ ನುಂಗಿಸುವ ಕಾರಣ. ಒಂದು ತುಂಡು ಬಿಸ್ಕತ್ತು ತೋರಿಸಿ ಬದಲಾಯಿಸಿಕೊಳ್ಳುವುದು ಜಾಣತನ.

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ 2014ರಲ್ಲಿ ಗ್ರೇಟ್ ಡೇನ್ ಜಾತಿಯ ನಾಯಿಯೊಂದರ ಹೊಟ್ಟೆಯಿಂದ ವೈದ್ಯರು ನಲವತ್ತಮೂರೂವರೆ ಕಾಲುಚೀಲಗಳನ್ನು ತೆಗೆದರು. ಆ ಅರ್ಧ ಎಲ್ಲಿ ಹೋಯಿತೋ! ಅದೇ ದೇಶದ ಪಿಟ್ಸ್‌ಬರ್ಗ್‌ನಲ್ಲಿ 2023ರ ಡಿಸೆಂಬರಿನಲ್ಲಿ ಮತ್ತೊಂದು ನಾಯಿ ಮೇಜಿನ ಮೇಲಿದ್ದ 4,000 ಡಾಲರ್ ನೋಟುಗಳನ್ನು ತಿಂದು ಹಾಕಿತು. ಮನೆಯವರು ವಾಂತಿ, ಮಲ ಎರಡನ್ನೂ ತೊಳೆದು ಚೂರು ಜೋಡಿಸಿ ಬಹುಪಾಲು ಹಣವನ್ನು ಉಳಿಸಿಕೊಂಡರು. ಆ ನಾಯಿಗೆ ಏನೂ ಆಗಲಿಲ್ಲ. ಇಂಥ ಸುದ್ದಿಗಳನ್ನು ಓದಿ ನಗುವವರೇ ಹೆಚ್ಚು. ಉಳಿದ ನಾಯಿಯ ಸುದ್ದಿಗೆ ನಗಬಹುದು, ಉಳಿಯದ ನಾಯಿಯ ಸುದ್ದಿ ಪತ್ರಿಕೆಗೆ ಬರುವುದಿಲ್ಲ.

ನಾಣ್ಯ, ಬ್ಯಾಟರಿಗಳ ಬಗ್ಗೆಯೂ ಎರಡು ಮಾತು. ನಮ್ಮ ಒಂದು ರೂಪಾಯಿಯ ಉಕ್ಕಿನ ನಾಣ್ಯ ಜಠರದ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅಮೆರಿಕದ ಒಂದು ಸೆಂಟ್ ನಾಣ್ಯ ಮಾತ್ರ 1982ರಿಂದೀಚೆಗೆ ತಾಮ್ರದ ತೆಳು ಲೇಪದ ಸತು. ಲೇಪ ಸವೆದರೆ ಸತು ಆಮ್ಲದಲ್ಲಿ ಕರಗಿ ನಾಯಿಯ ಕೆಂಪು ರಕ್ತಕಣಗಳನ್ನು ನಾಶ ಮಾಡುತ್ತದೆ. ಗುಂಡಿಯಾಕಾರದ ಬ್ಯಾಟರಿ ಇವೆಲ್ಲಕ್ಕಿಂತ ಅವಸರದ್ದು. ಒದ್ದೆಯಾದ ಅನ್ನನಾಳಕ್ಕೆ ತಾಗಿದೊಡನೆ ವಿದ್ಯುತ್ ಹರಿದು ಅಲ್ಲಿಯೇ ಕ್ಷಾರ ಹುಟ್ಟುತ್ತದೆ, ಕೆಲವೇ ಗಂಟೆಗಳಲ್ಲಿ ಗೋಡೆ ಸುಡುತ್ತದೆ.

ಇನ್ನು ಬಿಲ್ಲಿನ ವಿಷಯ. ಸರಕಾರಿ ಪಶು ಆಸ್ಪತ್ರೆಯಲ್ಲಿ ಖರ್ಚು ಅಲ್ಪ. ಆದರೆ ದೊಡ್ಡ ಶಸ್ತ್ರಚಿಕಿತ್ಸೆಯ ಸೌಕರ್ಯ ಎಲ್ಲ ಕಡೆ, ಎಲ್ಲ ಹೊತ್ತಿನಲ್ಲಿ ಸಿಗುವುದಿಲ್ಲ. ಖಾಸಗಿಯಲ್ಲಿ ಖರ್ಚು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಾಲುಚೀಲದಂಥ ಮೆತ್ತನೆಯ ವಸ್ತುವನ್ನು ನುಂಗಿ ಒಂದೆರಡು ಗಂಟೆಯೊಳಗೆ ಹೋದರೆ ವೈದ್ಯರು ಒಂದು ಚುಚ್ಚುಮದ್ದಿನಿಂದ ವಾಂತಿ ಮಾಡಿಸಿ ಮುಗಿಸಬಹುದು. ಅಲ್ಲಿಗೆ ತೀರದಿದ್ದರೆ ಕ್ಷ-ಕಿರಣ ಚಿತ್ರ, ಸ್ಕ್ಯಾನಿಂಗ್, ರಕ್ತಪರೀಕ್ಷೆ. ಆಮೇಲೆ ಅರಿವಳಿಕೆ. ಔಷಧದ ಪ್ರಮಾಣ ದೇಹದ ತೂಕಕ್ಕೆ ತಕ್ಕಂತೆ, ಅಂದರೆ ಹತ್ತು ಕಿಲೊ ನಾಯಿಗಿಂತ ಮೂವತ್ತು ಕಿಲೊ ಲ್ಯಾಬ್ರಡಾರ್‌ಗೆ ಸುಮಾರು ಮೂರು ಪಟ್ಟು. ಮಕ್ಕಳು ಮರಿ ಬೇಕೆಂದು ಹಟ ಹಿಡಿದ ದಿನ ಈ ಗುಣಾಕಾರವನ್ನು ಯಾರೂ ಮಾಡಿರುವುದಿಲ್ಲ. ಕರುಳಿನ ಗೋಡೆ ಕೊಳೆತಿದ್ದರೆ ಆ ಭಾಗ ಕತ್ತರಿಸಿ ಮತ್ತೆ ಜೋಡಿಸಬೇಕು, ದಿನಗಟ್ಟಲೆ ಡ್ರಿಪ್ ಹಾಕಬೇಕು. ಒಂದೇ ಕಾಲುಚೀಲಕ್ಕೆ ಮೊದಲ ಮೆಟ್ಟಿಲಿನ ಬಿಲ್ಲೂ ಬರಬಹುದು, ಕೊನೆಯ ಮೆಟ್ಟಿಲಿನದೂ ಬರಬಹುದು. ವ್ಯತ್ಯಾಸ ಬರಿಯ ಗಂಟೆಗಳದ್ದು. ಕೊನೆಯ ಮೆಟ್ಟಿಲು ಕೈಗೆಟುಕದ ಮನೆಗಳಲ್ಲಿ ನಾಯಿ ಜಗಲಿಯಲ್ಲೇ ಮಲಗಿ ಪ್ರಾಣ ಬಿಡುತ್ತದೆ.

ವಾಂತಿ ಮಾಡಿಸಬಹುದೆಂದು ಮನೆಯಲ್ಲಿ ಉಪ್ಪುನೀರು ಕುಡಿಸುವವರಿದ್ದಾರೆ. ಅದು ತಪ್ಪು. ರಕ್ತದಲ್ಲಿ ಸೋಡಿಯಂ ಏರಿ ನಾಯಿಗೆ ಸೆಳವು ಬರುತ್ತದೆ, ಗಾಳ, ಸೂಜಿ, ಬ್ಯಾಟರಿಯಂಥವು ಮೇಲೆ ಬರುವಾಗ ಇಳಿದಾಗಿಗಿಂತ ಹೆಚ್ಚು ಗಾಯ ಮಾಡುತ್ತವೆ.

ಮಣಿಪಾಲದಿಂದ ಹಿರಿಯಡ್ಕದ ಮೇಲೆ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಮೇ ತಿಂಗಳಲ್ಲಿ ಮಾವಿನ ವಾಸನೆಯೇ ಮುಂದೆ ಹೋಗುತ್ತಿರುತ್ತದೆ. 1432ರಿಂದ ಗುಡ್ಡದ ಮೇಲೆ ನಿಂತಿರುವ 42 ಅಡಿಯ ಗೊಮ್ಮಟನ ದೃಷ್ಟಿಗೆ ಬೀಳುವ ಹೆಂಚಿನ ಮನೆಗಳ ಅಂಗಳಗಳಲ್ಲಿ ಆಗ ಗೊರಟುಗಳ ರಾಶಿ. ಬಯಲುಸೀಮೆಯವರು ಇದನ್ನೇ ವಾಟೆ ಎನ್ನುತ್ತಾರೆ. ಮಕ್ಕಳು ಚೀಪಿ ಎಸೆದ ಗೊರಟಿನಲ್ಲಿ ಸಿಹಿ ಇನ್ನೂ ಅಂಟಿರುತ್ತದೆ, ಕೆಳಗೆ ಕಾದು ಕೂತ ನಾಯಿಗೆ ಅದು ಸಾಕು.

ನಾಯಿಯ ಜಠರದ ಆಮ್ಲ ಹಸಿ ಎಲುಬನ್ನೂ ಮೆತ್ತಗೆ ಮಾಡಬಲ್ಲದು. ಗೊರಟಿನ ಚಿಪ್ಪು ಮಾತ್ರ ಮರದ ಹಾಗೆ, ಸೆಲ್ಯುಲೋಸ್ ಮತ್ತು ಲಿಗ್ನಿನ್. ಅವನ್ನು ಕರಗಿಸುವ ಕಿಣ್ವ ನಾಯಿಯಲ್ಲಿಲ್ಲ. ನಾಯಿ ಎರಡು ದಿನ ಏನೂ ಆಗದಂತೆ ಓಡಾಡಬಹುದು, ಕೆಲವೊಮ್ಮೆ ವಾರಗಳೇ ಕಳೆಯಬಹುದು. ಗೊರಟು ಒಂದು ದಿನ ಜಠರದ ಬಾಗಿಲು ದಾಟುತ್ತದೆ. ಆ ಬಳಿಕ ನಿಲ್ಲದ ವಾಂತಿ, ಊಟ ಬೇಡ, ಬೆನ್ನು ಬಾಗಿಸಿ ಮೂಲೆಯಲ್ಲಿ ನಿಲ್ಲುವುದು. ಕರುಳಿನ ಗೋಡೆ ಒತ್ತಿ ಹಿಡಿದಲ್ಲಿ ರಕ್ತ ಹರಿಯುವುದು ನಿಂತು, ಆ ಭಾಗ ಸತ್ತು, ತೂತಾಗಿ ಹೊಲಸು ಹೊಟ್ಟೆಯೊಳಗೆ ಸೋರುತ್ತದೆ. ಕ್ಷ-ಕಿರಣ ಚಿತ್ರದಲ್ಲಿ ಗಾಳ, ನಾಣ್ಯಗಳು ಬೆಳ್ಳಗೆ ಹೊಳೆಯುತ್ತವೆ. ಗೊರಟು, ಕಾಲುಚೀಲ, ಪ್ಲಾಸ್ಟಿಕ್ ಕಾಣುವುದೇ ಕಷ್ಟ. ಅವುಗಳ ಹಿಂದೆ ತುಂಬಿದ ಗಾಳಿಯನ್ನು ನೋಡಿ ವೈದ್ಯರು ಊಹಿಸಬೇಕು. ಊಹೆ ಖಚಿತವಾಗದಿದ್ದರೆ ಸಿಗುವ ಸಲಹೆ, ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಮಂಗಳೂರಿಗೋ, ಇಲ್ಲ ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ. ಘಾಟಿಯ ತಿರುವುಗಳಲ್ಲಿ ಹಿಂದಿನ ಸೀಟಿನಲ್ಲಿ ಮಲಗಿದ ನಾಯಿಯ ಉಸಿರನ್ನು ಎಣಿಸುತ್ತ ಕೂರುವುದು ಯಾವ ಮನೆಗೂ ಬೇಡ.

ಊಹೆಗೆ ಬದಲಾಗಿ ವೈದ್ಯರಿಗೆ ಬೇಕಾದದ್ದು ಮೂರು ಉತ್ತರ. ಏನು ನುಂಗಿತು, ಎಷ್ಟು ನುಂಗಿತು, ಯಾವಾಗ ನುಂಗಿತು. ದೊಡ್ಡವರಿಗೆ ಸಾಮಾನ್ಯವಾಗಿ ಒಂದೂ ಗೊತ್ತಿರುವುದಿಲ್ಲ. ನಾಯಿಯ ಜತೆ ಅಂಗಳದಲ್ಲಿದ್ದವರು ಮಕ್ಕಳು. ಗೊರಟು ಎಸೆದದ್ದು, ಕಾಲುಚೀಲ ಕಸಿಯಲು ಹೋದದ್ದು, ರಿಮೋಟಿನ ಬ್ಯಾಟರಿ ಬಿಚ್ಚಿ ನೆಲದ ಮೇಲಿಟ್ಟದ್ದು ಅವರೇ. ಬೈಗುಳಕ್ಕೆ ಹೆದರಿ ಬಾಯಿ ಬಿಡದೆ ಕೂತರೆ ಬಿಲ್ಲು ಮೆಟ್ಟಿಲು ಹತ್ತುತ್ತಿರುತ್ತದೆ. ಕಾರ್ಕಳದ ಒಂದು ಮನೆಯನ್ನು ಊಹಿಸಿಕೊಳ್ಳಿ. ಮೂರು ದಿನದಿಂದ ನಾಯಿಗೆ ವಾಂತಿ, ಬಿಸಿಲಿಗೆ ಇರಬೇಕೆಂದು ಅಜ್ಜ, ಜಂತುಹುಳವಿರಬೇಕೆಂದು ಅಪ್ಪ. ವೈದ್ಯರ ಮೇಜಿನ ಮೇಲೆ ನಾಯಿ, ಬಾಗಿಲ ಬಳಿ ಬೆಂಚಿನ ತುದಿಯಲ್ಲಿ ಆರನೆಯ ತರಗತಿಯ ಹುಡುಗಿ. ವೈದ್ಯರು ಅದೇ ಮೂರು ಪ್ರಶ್ನೆಗಳನ್ನು ಅಪ್ಪನಿಗೆ ಕೇಳುತ್ತಾರೆ. ಅಪ್ಪ ತಲೆಯಾಡಿಸುತ್ತಾನೆ. ವೈದ್ಯರು ಬೆಂಚಿನ ಕಡೆ ತಿರುಗಿ, ಯಾರೂ ಬೈಯುವುದಿಲ್ಲ ಹೇಳು ಮಗಾ ಎಂದ ಮೇಲೆ ಅವಳು ಎರಡು ಬೆರಳು ತೋರಿಸುತ್ತಾಳೆ. ಎರಡು ಗೊರಟು, ಭಾನುವಾರ, ಊಟದ ನಂತರ.